ಸತ್ತವರಿಗೆ ಗಂಜಿ ಇಲ್ಲ

ಇಷ್ಟಕ್ಕೆಲ್ಲ ಕಾರಣ ಒಂದು ದವಡೆ ಹಲ್ಲು. ಐದು ವರ್ಷದ ಕರಾರು ಮುಗಿಸಿ ನಾಳೆ ಬೆಳಿಗ್ಗೆ ಪ್ಲಿಮತ್ ಬಂದರಿನಲ್ಲಿ ಇಳಿದು, ಹೆಂಡತಿ ತಾಮ್ಸಿನ್‌ಳ ಮುಖ ನೋಡಬೇಕಾಗಿದ್ದ ನಾವಿಕ ಜೇಬೆಜ್ ಪಾಸ್ಕೋಗೆ ಇವತ್ತೇ ಹಲ್ಲುನೋವು ಬರಬೇಕೆ! ಯುದ್ಧನೌಕೆಯ ಡಾಕ್ಟರು ಅಫೀಮಿನ ಔಷಧಿ ಕೊಟ್ಟು, ಹತ್ತೇ ಹನಿ ಎಂದಿದ್ದರು. ಹತ್ತು ಹನಿಗೆ ನೋವು ಹೋಗುವುದಾದರೆ ಇಡೀ ಸೀಸೆಗೆ ಬೇರುಸಹಿತ ಹೋಗಬೇಕಲ್ಲ ಎಂದು ಜೇಬೆಜ್ ಗಟಗಟ ಕುಡಿದುಬಿಟ್ಟ.

ಮತ್ತೆ ಎಚ್ಚರವಾದದ್ದು ಮೂಗಿಗೆ ದಬ್ಬಳ ಚುಚ್ಚಿದಾಗ.

“ಅಯ್ಯಯ್ಯೋ, ಸತ್ತೆ!”

“ಅದು ನಮಗೆ ಗೊತ್ತು, ನೀನ್ಯಾಕೋ ಹೇಳ್ತೀಯಾ!” ಎಂದು ಚೀರಿದ ಹಾಯಿ ಹೊಲಿಯುವ ಮುದುಕ ಗ್ರಿಮ್‌ವುಡ್, ದಬ್ಬಳ ಬಿಟ್ಟು ಅಂಗಾತ ಬಿದ್ದ.

ನಾಡಿ ಸಿಗಲಿಲ್ಲವೆಂದು ಡಾಕ್ಟರು ಸಾವನ್ನು ಬರೆದುಕೊಟ್ಟಾಗಿತ್ತು. ಸಮುದ್ರಕ್ಕೆ ಇಳಿಸಲು ಜೇಬೆಜ್‌ನನ್ನು ಅವನದೇ ಜೋಲಿ ಹಾಸಿಗೆಯಲ್ಲಿ ಸುತ್ತಿ, ಕಾಲ ಬುಡಕ್ಕೆ ಎರಡು ಫಿರಂಗಿ ಗುಂಡಿಟ್ಟು ಹೊಲಿದಿದ್ದರು. ಕೊನೆಯ ಹೊಲಿಗೆ ಹೆಣದ ಮೂಗಿಗೆ ಹಾಕುವುದು ಹಳೆಯ ಪದ್ಧತಿ, ಜೀವವಿದ್ದರೆ ಕೂಗಿಕೊಳ್ಳಲಿ ಅಂತ. ಐವತ್ತು ಹೆಣ ಹೊಲಿದ ಗ್ರಿಮ್‌ವುಡ್‌ಗೆ ಕೂಗಿದ ಹೆಣ ಇದೇ ಮೊದಲು.

ಹೊಲಿಗೆ ಬಿಚ್ಚಿಸಿಕೊಂಡ ಜೇಬೆಜ್ ಮೂಗು ಹಿಡಿದುಕೊಂಡು ಮೇಲೆ ಬಂದರೆ ಇನ್ನೊಂದು ಆಘಾತ. ಅವನ ಭಾನುವಾರದ ಷರಾಯಿ ಗೆಳೆಯ ಹಾಕಿನ್‌ನ ಕಾಲಲ್ಲಿತ್ತು! ಸತ್ತವನ ಬಟ್ಟೆಬರೆ ಹರಾಜು ಹಾಕಿ ವಿಧವೆಗೆ ನೆರವಾಗುವುದನ್ನು ಗೆಳೆಯರು ಆಗಲೇ ಮುಗಿಸಿದ್ದರು.

“ಬಿಚ್ಚೋ ನನ್ನ ಷರಾಯಿ!”

“ಹೋಗೋ! ತಾಮ್ಸಿನ್ ಅತ್ತಿಗೆ ಪಾಪ ಅಂತ ಮೂರು ಪಟ್ಟು ಕೂಗಿ ತಗೊಂಡಿದೀನಿ. ಕಟ್ಕೊಂಡ ಹೆಂಡ್ತಿ ಹೊಟ್ಟೆ ಮೇಲೆ ಹೊಡೀಬೇಡ ಮಾರಾಯ,” ಎಂದು ಹಾಕಿನ್ ಕಣ್ಣೊರೆಸಿಕೊಂಡ.

ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಬಟಾಣಿ ಗಂಜಿಗೆಂದು ಬಟ್ಟಲು ಚಾಚಿದರೆ ಒಂಟಿಕಾಲಿನ ಅಡಿಗೆಯವನು ಟಾಬಿಟ್ ಸೌಟು ಹಿಂದಕ್ಕೆಳೆದ.

“ಹಡಗಿನ ಆಳುಗಳ ಪಟ್ಟಿಲಿ ನೀನು ಸತ್ತಿದೀಯ. ಸತ್ತವರಿಗೆ ಗಂಜಿ ಇಲ್ಲ.”

“ನಿನ್ನ ಕಣ್ಣೆದುರಿಗೇ ನಿಂತಿದೀನಲ್ಲೋ!”

“ನಿಂತ್ಕೊಳ್ಳಪ್ಪ, ಬೇಡ ಅಂದೋರ್ಯಾರು?”

ಜೇಬೆಜ್ ಓಡಿ ಹೋಗಿ ಕಪ್ತಾನರ ಮುಂದೆ ನಿಂತ. ಕಪ್ತಾನರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬದುಕಿದ್ದೀಯ, ಸಂತೋಷ. ಆದ್ರೆ ಡಾಕ್ಟರು, ನಾನು ಇಬ್ಬರೂ ರುಜು ಹಾಕಿಬಿಟ್ಟಿದೀವಿ. ಅದನ್ನ ಹೊಡೆದುಹಾಕಿದ್ರೆ ಬದುಕಿದ್ದವನನ್ನ ಹೊಲಿಸಿದ್ರಿ ಅಂತ ನಮ್ಮಿಬ್ಬರ ಕೆಲಸಕ್ಕೂ ಸಂಚಕಾರ.”

“ನಾಳೆ ಮನೆಗೆ ಹೋಗ್ಬೇಕು ದೊರೆ! ಐದು ವರ್ಷದಿಂದ ಅವಳು ಕಾಯ್ತಾ ಇದಾಳೆ. ನನ್ನನ್ನ ಹೆಂಗಾದ್ರೂ ಮಾಡಿ ಬದುಕಿಸಿ!”

ಗುಮಾಸ್ತ ಬೆಲ್ ಕಪ್ತಾನರ ಕಿವಿಯಲ್ಲಿ ಏನೋ ಉಸುರಿದ. ಕಪ್ತಾನರ ಮುಖ ಅರಳಿತು. ಬೆಲ್ ಪಟ್ಟಿಯ ಕೊನೆಗೆ ಹೊಸದಾಗಿ ಹೆಸರು ಬರೆದು ಮುಂದೆ ಹಿಡಿದ. ಓದು ಬಾರದ ಜೇಬೆಜ್ ದೇವರಿಗೆ ಕೈಮುಗಿದು ಗೀಟು ಹಾಕಿದ. ಬದುಕಿದೆಯಾ ಬಡಜೀವವೇ ಎಂದುಕೊಂಡು ಅಡಿಗೆಮನೆಗೆ ಬಂದರೆ, ಟಾಬಿಟ್ ಈ ಸಲ ಬಟ್ಟಲು ತುಂಬ ಗಂಜಿ ಸುರಿದ.

ಜೇಬೆಜ್ ಮೊದಲ ಗುಟುಕು ಬಾಯಿಗೆ ಹಾಕಿಕೊಂಡಿದ್ದನಷ್ಟೆ, ಬೆಲ್ ಬಂದು ಬೆನ್ನು ತಟ್ಟಿದ.

“ಹೊಸ ಆಳು ಅಂತ ಗೀಟು ಹಾಕಿದೀಯಲ್ಲ, ನಾಡಿದ್ದು ಚೀನಾಕ್ಕೆ ಹೊರಡೋ ಹಡಗಿಗೆ ನಿನ್ನನ್ನ ಹಾಕಿದೀವಿ. ನಾಳೆ ಬಂದರಲ್ಲಿ ಇಳಿಯೋ ಹಾಗಿಲ್ಲ ನೋಡು, ಹೊಸಬರು ಓಡಿಹೋಗ್ತಾರೆ.”

ಜೇಬೆಜ್ ಬಾಯಿ ತುಂಬಿಕೊಂಡೇ ಕಣ್ಣರಳಿಸಿದ.

“ಮತ್ತೇನಪ್ಪ? ಸತ್ತವನ ಐದು ವರ್ಷ ಸತ್ತವನ ಜತೆಗೇ ಹೋಯ್ತು. ನಿನ್ನ ಐದು ವರ್ಷ ಇವತ್ತಿಂದ ಶುರು!”

ಗಂಜಿ ಕುದಿಯುವಷ್ಟು ಬಿಸಿಯಿತ್ತು. ಜೇಬೆಜ್‌ಗೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.