ನಭಶ್ಚರನೂ ನನ್ನ ಹೊಟ್ಟೆಕಿಚ್ಚೂ

ಹೊಟ್ಟೆಕಿಚ್ಚಿನ ವಿಷಯದಲ್ಲಿ ಜನ ಹೇಳುವಷ್ಟು ಸುಳ್ಳನ್ನು ವಯಸ್ಸಿನ ವಿಷಯದಲ್ಲೂ ಹೇಳುವುದಿಲ್ಲ. "ಅವನು ಮುಂದೆ ಬಂದನಲ್ಲ, ನಮಗೂ ಸಂತೋಷವೇ" ಎನ್ನುವವರ ಮುಖವನ್ನೊಮ್ಮೆ ನೋಡಿ, ಹಸಿ ಹಾಗಲಕಾಯಿ ಜಗಿದವರ ಹಾಗಿರುತ್ತದೆ. ನಾನು ಆ ಜಾತಿಯವನಲ್ಲ. ನನಗೆ ಹೊಟ್ಟೆಕಿಚ್ಚಿತ್ತು, ಚೆನ್ನಾಗಿಯೇ ಇತ್ತು. ಭದ್ರಾವತಿಯ ಕುಲುಮೆಯನ್ನಾದರೂ ದುರಸ್ತಿಗೆಂದು ಆಗಾಗ ಆರಿಸುತ್ತಿದ್ದರು. ನನ್ನದು ಆರಿದ್ದೇ ಇಲ್ಲ.

ಆಗ ನಾನು ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಬೆಳಗಿನ ರೈಲು. ನಮ್ಮ ಡಬ್ಬಿಯಲ್ಲಿ ಬರುತ್ತಿದ್ದವರೆಲ್ಲ ಕಾರ್ಖಾನೆಯವರೇ. ಹೊತ್ತು ಹೋಗಲೆಂದು ನಾನು ಬರೆದ ಪ್ರಬಂಧಗಳನ್ನು ಅವರಿಗೆ ಓದಿ ಹೇಳುತ್ತಿದ್ದೆ. ಎಲ್ಲ ಪತ್ರಿಕೆಗಳವರೂ "ವಿಷಾದದಿಂದ" ಹಿಂದಕ್ಕೆ ಕಳಿಸಿದ ಪ್ರಬಂಧಗಳು ಅವು. ಆದರೆ ಓಡುವ ರೈಲಿನಿಂದ ಕೇಳುಗರು ಎದ್ದು ಹೋಗುವಂತಿಲ್ಲವಲ್ಲ! ಎರಡು ವರ್ಷ ಓದಿದೆ. ಕಿಟಕಿಯ ಪಕ್ಕದ ಜಾಗ ನನಗೇ ಮೀಸಲು. ಫಿಟ್ಟರ್ ಗೌಸ್ ಸಾಹೇಬರು ತಮ್ಮ ಊಟದ ಡಬ್ಬಿಯನ್ನು ಅಲ್ಲಿಟ್ಟು ಬೇರೆ ಯಾರೂ ಕೂರದಂತೆ ನೋಡಿಕೊಳ್ಳುತ್ತಿದ್ದರು. ಈ ಭೂಮಿಯ ಮೇಲೆ ನನಗೆ ಲೇಖಕನೆಂಬ ಮರ್ಯಾದೆ ಸಿಗುತ್ತಿದ್ದ ಸ್ಥಳ ಅದೊಂದೇ.

ಅಷ್ಟರಲ್ಲಿ ನಭಶ್ಚರ ಬಂದ. ಅದು ಗುಪ್ತನಾಮ. ಒಂದು ವಾರಪತ್ರಿಕೆಯಲ್ಲಿ ಈ ಪುಣ್ಯಾತ್ಮ ಕಬ್ಬಿಣದ ವಿಮಾನದಲ್ಲಿ ಮಂಗಳಲೋಕಕ್ಕೆ ಹೋಗುವ ಕತೆಯೊಂದನ್ನು ಧಾರಾವಾಹಿಯಾಗಿ ಶುರುಮಾಡಿದ. ಹಳಬರು ಇಂದಿಗೂ ಆ ಕತೆಯ ಹೆಸರೆತ್ತಿದರೆ ಕಣ್ಣರಳಿಸುತ್ತಾರೆ. ನಕ್ಷೆ ಬರೆಯುವ ರಂಗಪ್ಪನದು ದೊಡ್ಡ ಗಂಟಲು. ಸೋಮವಾರ ಸ್ಟೇಷನ್ನಿನಲ್ಲಿ ಪತ್ರಿಕೆ ಕೊಂಡು, ರೈಲು ಹೊರಟ ಕೂಡಲೇ ಓದಲು ಆರಂಭಿಸಿದರೆ, ಮಲವಗೊಪ್ಪ ದಾಟುವ ಹೊತ್ತಿಗೆ ವಿಮಾನ ಅಪಾಯಕ್ಕೆ ಸಿಕ್ಕಿರುತ್ತಿತ್ತು, ಕಾರ್ಖಾನೆಯ ಚಿಮಣಿ ಕಾಣುವಾಗ "ಮುಂದುವರಿಯುವುದು" ಬರುತ್ತಿತ್ತು. ಓದುವವನಿಗೆ ಬೆಳಕು ಬೇಕೆಂದು ಕಿಟಕಿಯ ಜಾಗವನ್ನು ಅವನಿಗೇ ಕೊಟ್ಟರು. ನನ್ನ ಪ್ರಬಂಧ ಚೀಲದಿಂದ ಹೊರಗೆ ಬರುವುದೇ ನಿಂತಿತು. ಮಂಗಳ ಮುಗಿದ ಮೇಲೆ ಶುಕ್ರ, ಶುಕ್ರ ಮುಗಿದ ಮೇಲೆ ಶನಿ. ನವಗ್ರಹಗಳೂ ಮುಗಿಯುವ ತನಕ ನನಗೆ ಗ್ರಹಚಾರ ತಪ್ಪಿದ್ದಲ್ಲ ಎಂದುಕೊಂಡೆ.

ವಾರದ ಉಳಿದ ದಿನಗಳಲ್ಲಾದರೂ ನನಗೆ ಬಿಡುವಿತ್ತೇ? ಅದೂ ಇಲ್ಲ. ನಭಶ್ಚರ ಯಾರು ಎಂಬ ಚರ್ಚೆ.

"ಇದು ಯಾರೋ ಜರ್ಮನ್ ಇಂಜಿನಿಯರ್ ಹೇಳಿ ಬರೆಸ್ತಿರೋದು ರಾಯ್ರೇ. ಬಾಯ್ಲರ್ ವಿಷ್ಯ ಇಷ್ಟು ಪಕ್ಕಾ ಹೇಳೋಕೆ ಬೇರೆಯೋರಿಗೆ ಎಲ್ಲಿ ಬರುತ್ತೆ?" ಎಂದು ಗೌಸ್ ಸಾಹೇಬರು.

"ಅಲ್ಲ ಮಾರಾಯ್ರೇ, ಅವನು ಸನ್ಯಾಸಿ. ಯೋಗದಲ್ಲಿ ಹೋಗಿ ನೋಡ್ಕೊಂಡು ಬಂದು ಬರೀತಿದಾನೆ. ಇಲ್ದಿದ್ರೆ ಅಲ್ಲಿನ ಮಣ್ಣು ಕೆಂಪು ಅಂತ ಹೇಗೆ ಗೊತ್ತಾಗುತ್ತೆ?" ಎಂದು ರಂಗಪ್ಪ.

ಕುಂಸಿಯ ಕಡೆಯವನೊಬ್ಬ ಇನ್ನೂ ಮುಂದೆ ಹೋಗಿ, ನಭಶ್ಚರ ಸತ್ತು ಎಷ್ಟೋ ಕಾಲವಾಯಿತು, ಪೆಟ್ಟಿಗೆಯಲ್ಲಿ ಸಿಕ್ಕ ಕಾಗದಗಳನ್ನು ಅಚ್ಚು ಹಾಕುತ್ತಿದ್ದಾರೆ ಎಂದ. ಇದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು. ಆದರೆ ಸತ್ತವನೂ ನನಗಿಂತ ಚೆನ್ನಾಗಿ ಬರೆಯುತ್ತಾನೆಂದಾಯಿತಲ್ಲ ಎಂದು ಹೊಳೆದ ಮೇಲೆ ಅದೂ ಹೋಯಿತು.

ಕೊನೆಗೆ ನಾನೇ ಪತ್ರಿಕೆಗೆ ಒಂದು ಪತ್ರ ಬರೆದೆ. ನಭಶ್ಚರ ಎಂಬ ಮನುಷ್ಯನೇ ಇಲ್ಲ, ಮೂವರು ಸೇರಿ ಓದುಗರಿಗೆ ಟೋಪಿ ಹಾಕುತ್ತಿದ್ದಾರೆ ಎಂದು ವಾದ. ಸಾಕ್ಷಿಯೂ ಇತ್ತು. ಮೂರನೆಯ ಕಂತಿನಲ್ಲಿ ಕಥಾನಾಯಕ ಕಾಫಿಯನ್ನೇ ಮುಟ್ಟದವನು. ಒಂಬತ್ತನೆಯದರಲ್ಲಿ ಮಂಗಳಲೋಕದಲ್ಲಿ ಕುಳಿತು ಕಾಫಿಯಿಲ್ಲದೆ ತಲೆನೋವೆಂದು ಅಳುತ್ತಾನೆ. "ಸಾರಿನ ರುಚಿ ವಾರಕ್ಕೊಂದು ಥರ ಆದರೆ ಯಜಮಾನರನ್ನು ಕೇಳಬೇಡಿ, ಒಳಗೆ ಇಣುಕಿ ಅಡುಗೆಯವರನ್ನು ಎಣಿಸಿ" ಎಂದು ಬರೆದು, ಕೆಳಗೆ "ಸತ್ಯಪ್ರಿಯ" ಎಂದು ಸಹಿ ಹಾಕಿ, ವಿಳಾಸ ಕೊಡದೆ ಅಂಚೆಗೆ ಹಾಕಿದೆ. ಹೊಟ್ಟೆಯುರಿಯಲ್ಲಿ ಒಂದೇ ಉಸಿರಿಗೆ ಬರೆದದ್ದು. ಅದು ಅಚ್ಚಾಯಿತು! ಅಚ್ಚಾದ ನನ್ನ ಮೊದಲ ಬರಹ.

ಸೋಮವಾರ ರಂಗಪ್ಪ ಅದನ್ನು ಓದಿದಾಗ ಡಬ್ಬಿಗೆ ಡಬ್ಬಿಯೇ ನಕ್ಕಿತು. ಗೌಸ್ ಸಾಹೇಬರು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದಪ್ಪ" ಎಂದರು. ಎರಡು ವರ್ಷದಲ್ಲಿ ನನ್ನ ಯಾವ ಪ್ರಬಂಧಕ್ಕೂ ಆ ಮಾತು ಬಂದಿರಲಿಲ್ಲ. ನಾನು ಎಷ್ಟು ಹೊತ್ತು ಸುಮ್ಮನಿರಲಿ?

"ಅದನ್ನ ಬರೆದೋನು ನಾನೇ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಪತ್ರಕ್ಕೆ ನಕ್ಕದ್ದಕ್ಕಿಂತ ಜೋರಾಗಿ ನಕ್ಕರು.

"ಬಿಡ್ರೀ ರಾಯ್ರೇ, ಎರಡು ವರ್ಷ ನಿಮ್ಮ ಬರಹ ನಾವು ಕೇಳಿಲ್ವಾ?" ಎಂದರು ಗೌಸ್ ಸಾಹೇಬರು, ಬಹಳ ಪ್ರೀತಿಯಿಂದಲೇ. "ಇದು ನಭಶ್ಚರನೇ ಬರ್ಕೊಂಡಿರೋದು, ಪತ್ರಿಕೆ ಖರ್ಚಾಗ್ಲಿ ಅಂತ. ಇಂಥ ಕೈ ಇನ್ಯಾರಿಗಿದೆ?"

ಭದ್ರಾವತಿ ಬರುವಷ್ಟರಲ್ಲಿ ಎಲ್ಲರೂ ಅದನ್ನು ಒಪ್ಪಿದ್ದರು.

ಸಂಜೆ ಮನೆಗೆ ಬಂದವನೇ ಹೆಂಡತಿ ಕಮಲೆಗೆ ಕರಡುಪ್ರತಿ ತೋರಿಸಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಎಷ್ಟು ಚೆನ್ನಾಗಿದೆ ರೀ! ಪತ್ರಿಕೆ ನೋಡಿ ನಕಲು ಮಾಡಿ ಇಟ್ಕೊಂಡಿದ್ದು ಒಳ್ಳೇದಾಯ್ತು. ನೀವೂ ಹೀಗೆ ಬರೆಯೋಕೆ ಪ್ರಯತ್ನ ಮಾಡ್ಬಾರ್ದಾ?" ಎಂದಳು.

ಪ್ರಯತ್ನ ಮಾಡಿದೆ. ಅದೇ "ಸತ್ಯಪ್ರಿಯ" ಎಂಬ ಹೆಸರಿನಲ್ಲಿ, ಈ ಸಲ ಧೈರ್ಯವಾಗಿ ಮನೆಯ ವಿಳಾಸವನ್ನೂ ಕೊಟ್ಟು, ಹದಿನೈದು ದಿನ ತಿದ್ದಿ ತಿದ್ದಿ ಎರಡನೆಯ ಪತ್ರ ಕಳಿಸಿದೆ. ಸಂಪಾದಕರು ಅದನ್ನು ಹಿಂದಕ್ಕೆ ಕಳಿಸಿದರು. ಜೊತೆಗೆ ಒಂದು ಚೀಟಿ: "ಸತ್ಯಪ್ರಿಯರ ಹೆಸರನ್ನು ದುರುಪಯೋಗ ಮಾಡಿಕೊಳ್ಳುವುದು ತಮಗೆ ಶೋಭಿಸದು. ಅವರ ಶೈಲಿ ಇಷ್ಟು ಸಪ್ಪೆಯಲ್ಲ."

ನಭಶ್ಚರನ ಮೇಲಿನ ಸಿಟ್ಟು ಕಾಲಕ್ರಮದಲ್ಲಿ ಇಳಿಯಿತು. ಆ ಸತ್ಯಪ್ರಿಯನನ್ನು ಕಂಡರೆ ಮಾತ್ರ ನನಗೆ ಇವತ್ತಿಗೂ ಆಗುವುದಿಲ್ಲ.