ಅಣ್ಣಪ್ಪನವರಿಗೆ ಯುನಿಕ್ಸ್ ಕಲಿಸಿದ್ದು

ಗಂಡನಿಗೆ ಹೊಸದೇನನ್ನಾದರೂ ಕಲಿಸಹೊರಟ ಹೆಂಡತಿಯನ್ನು ಕಾಳಿಘಾಟಿನ ಕಾಳಿಯೂ ಕಾಪಾಡಲಾರಳು. ಮನೋರಮೆಗೆ ಈ ಸತ್ಯ ತಿಳಿದದ್ದು ಸ್ವಲ್ಪ ತಡವಾಗಿ. ಅಷ್ಟು ಹೊತ್ತಿಗೆ ಅವಳು ಕಲಿಸಿ ಮುಗಿಸಿದ್ದಳು. ಕೇಡುಗಾಲಕ್ಕೆ ಗಂಡ ಅಣ್ಣಪ್ಪನವರು ಕಲಿತೂ ಬಿಟ್ಟಿದ್ದರು.

ಎರಡೇ ವರ್ಷ ಎಂದು ಹೇಳಿ ಬ್ಯಾಂಕು ಅಣ್ಣಪ್ಪನವರನ್ನು ಕುಂದಾಪುರದಿಂದ ಕೋಲ್ಕತ್ತಕ್ಕೆ ಕಳಿಸಿತ್ತು. (ಬ್ಯಾಂಕಿನ ಎರಡು ವರ್ಷವೆಂದರೆ ಬ್ರಹ್ಮದೇವರ ಲೆಕ್ಕದ ಎರಡು ವರ್ಷ.) ಆಗ ಕೈಕೂಸಾಗಿದ್ದ ಮಗಳು ಸಾಕ್ಷಿ ಈಗ ಕಾಲೇಜಿಗೆ ಹೋಗುತ್ತಾಳೆ, ಬಂಗಾಳಿಯಲ್ಲಿ ಕನಸು ಕಾಣುತ್ತಾಳೆ, ಕನ್ನಡದಲ್ಲಿ ಬೈಸಿಕೊಳ್ಳುತ್ತಾಳೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮನೋರಮೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟು ಗಂಡನ ಹಿಂದೆ ಬಂದವಳು. ಬಾಲಿಗಂಜಿನ ಬಾಡಿಗೆ ಮನೆಯಲ್ಲಿ, ಅಕ್ಕಪಕ್ಕದವರ ಸಾಸಿವೆ ಎಣ್ಣೆಯ ಘಾಟಿನ ನಡುವೆ ತೆಂಗಿನಕಾಯಿ ತುರಿಯುತ್ತ ಅವಳ ಗಣಿತವೂ ತುರಿದುಹೋಗಿತ್ತು.

ಅಂಥವಳಿಗೆ ಒಂದು ದಿನ ಕುಂದಾಪುರದಿಂದ ತಂಗಿ ವಸುಂಧರೆಯ ಫೋನು. "ಅಕ್ಕಾ, ನನ್ನ ಟ್ಯೂಷನ್ ಕ್ಲಾಸಿಗೆ ಮಕ್ಕಳು ತುಂಬಾ ಆದ್ರು. ಜೂನಿನಿಂದ ಗಣಿತ ನೀನೇ ತಗೊಳ್ಬೇಕು. ಬೇರೆಯವರನ್ನು ಹುಡುಕುದಿಲ್ಲ, ಹೇಗಾದ್ರೂ ಬಂದುಬಿಡು." ಆವತ್ತಿನಿಂದ ಮನೋರಮೆಯ ಕಿವಿಯಲ್ಲಿ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಓಡುವ ಸದ್ದು. ಅವಳಿಗೆ ಸೀರೆ ಬೇಡ, ಬಳೆ ಬೇಡ. ಮತ್ತೊಮ್ಮೆ ಒಂದು ತರಗತಿಯ ಮುಂದೆ ನಿಲ್ಲಬೇಕು, ಅಷ್ಟೇ.

ಸರಿಯಾಗಿ ಅದೇ ಹೊತ್ತಿಗೆ ಬ್ಯಾಂಕಿನ ಸುತ್ತೋಲೆ ಬಂತು. ಊರೆಲ್ಲ ಸಾಲ್ಟ್‌ಲೇಕಿನ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳ ಬಗ್ಗೆ ಮಾತಾಡುತ್ತಿದ್ದ ಕಾಲವದು. ಬ್ಯಾಂಕಿಗೂ ಕಂಪ್ಯೂಟರಿನ ಗಾಳಿ ಬಡಿದಿತ್ತು. ಶಾಖೆಗಳಿಗೆಲ್ಲ ಯುನಿಕ್ಸ್ ಬರಲಿದೆ, ಅಧಿಕಾರಿಗಳು ಅದರ ಪರೀಕ್ಷೆ ಬರೆಯಬೇಕು, ಪಾಸಾದವರ ವರ್ಗಾವಣೆಯ ಅರ್ಜಿಗೆ ಆದ್ಯತೆ. ಯುನಿಕ್ಸೆಂದರೆ ಚಿತ್ರವಿಲ್ಲದ, ಮೌಸಿಲ್ಲದ ಕಪ್ಪು ತೆರೆ. ಏನು ಬೇಕೋ ಅದನ್ನು ಅಕ್ಷರದಲ್ಲಿ ಕುಟ್ಟಿ ಆಜ್ಞೆ ಕೊಡಬೇಕು.

"ಕಲಿಯಿರಿ, ಊರಿಗೆ ಹೋಗುವ" ಎಂದಳು ಮನೋರಮೆ.

ಅಣ್ಣಪ್ಪನವರು ಬನಿಯನ್ ಎತ್ತಿ ಹೊಟ್ಟೆಗೆ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ಇಷ್ಟು ವರ್ಷ ಬ್ಯಾಂಕಿನಲ್ಲಿ ಅವರನ್ನು ಕಾಪಾಡಿದ್ದು 'ನನಗೆ ಗೊತ್ತಿಲ್ಲ' ಎಂಬ ಏಕೈಕ ಮಹಾಮಂತ್ರ. "ನಿಂಗೆ ಬ್ಯಾಂಕು ಗೊತ್ತಿಲ್ಲ ಮಾರಾಯ್ತಿ. ಕೆಲಸ ಬರ್ತದೆ ಅಂತ ಗೊತ್ತಾದ್ರೆ ತಲೆಗೇ ಕಟ್ತಾರೆ. ಮದುವೆ ಮನೆಯಲ್ಲಿ ನೋಡ್ಲಿಲ್ವಾ? ಬಡಿಸ್ಲಿಕ್ಕೆ ಬರುವವನಿಗೆ ಕೊನೇ ಪಂಕ್ತಿ. ಬಾರದವನು ಮೊದಲನೇ ಪಂಕ್ತಿಯಲ್ಲಿ ಉಂಡು, ಎಲೆಯಡಿಕೆ ಹಾಕ್ಕೊಂಡು ಮನೆಗೆ ಹೋಗ್ತಾನೆ."

"ಸೋಮಾರಿತನಕ್ಕೂ ಒಂದು ಶಾಸ್ತ್ರ ಮಾಡಿಟ್ಟಿದ್ದೀರಲ್ಲ! ಜೂನಿಗೆ ನಾನು ಊರಲ್ಲಿರ್ಬೇಕು. ಕೂತ್ಕೊಳ್ಳಿ."

ಸಾಕ್ಷಿಗೆಂದು ಚಾಂದನಿ ಮಾರುಕಟ್ಟೆಯಿಂದ ಜೋಡಿಸಿ ತಂದ ಕಂಪ್ಯೂಟರು ಮನೆಯಲ್ಲಿತ್ತು. ಯುನಿಕ್ಸಿನ ತಮ್ಮನಂತಿರುವ ಲಿನಕ್ಸನ್ನು ಮಗಳೇ ಅದಕ್ಕೆ ಹಾಕಿಕೊಟ್ಟಳು. ಬ್ಯಾಂಕು ಕೊಟ್ಟ ದಪ್ಪ ಪುಸ್ತಕವನ್ನು ಅಣ್ಣಪ್ಪನವರು ತಲೆಯಡಿ ಇಟ್ಟುಕೊಂಡು ಮಲಗಿದರೆ, ಮನೋರಮೆ ಮಧ್ಯಾಹ್ನ ಎಳೆದುಕೊಂಡು ಓದಿದಳು. ಓದುತ್ತ ಓದುತ್ತ ಅವಳಿಗೆ ಖುಷಿಯೇ ಆಯಿತು. ಮಾತು ಕಡಿಮೆ, ಅರ್ಥ ಖಚಿತ, ಹೇಳಿದರೆ ಒಂದೇ ಸಲಕ್ಕೆ ಕೇಳುತ್ತದೆ. ಅಂಥದ್ದೊಂದನ್ನು ಅವಳು ಆ ಮನೆಯಲ್ಲಿ ಈವರೆಗೆ ನೋಡಿಯೇ ಇರಲಿಲ್ಲ.

ಪಾಠ ಶುರುವಾಯಿತು.

"ಕೀಬೋರ್ಡು ಹಾಳಾಗಿದೆ. ಒತ್ತಿದ್ರೆ ಎಂತದೂ ಕಾಣುದಿಲ್ಲ."

"ಅದು ಪಾಸ್‌ವರ್ಡು. ಕಾಣ್ಬಾರ್ದು."

"ನನಗೂ ಕಾಣ್ಬಾರ್ದಾ? ನನ್ನದೇ ಅಲ್ವಾ ಅದು?"

ಮನೋರಮೆ ಹಲ್ಲು ಕಚ್ಚಿ ಮುಂದುವರಿದಳು. ಪಿಡಬ್ಲ್ಯುಡಿ ಎಂದು ಕುಟ್ಟಿದರೆ ನಾವೀಗ ಕಂಪ್ಯೂಟರಿನ ಯಾವ ಕೋಣೆಯಲ್ಲಿ, ಅಂದರೆ ಯಾವ ಫೋಲ್ಡರಿನಲ್ಲಿ, ಇದ್ದೇವೆಂದು ತಿಳಿಯುತ್ತದೆ (ರಸ್ತೆಯ ಹೊಂಡಗಳನ್ನು ಜೋಪಾನ ಮಾಡುವ ಇಲಾಖೆ ಬೇರೆ). ಸಿಡಿ ಎಂದರೆ ಇನ್ನೊಂದು ಕೋಣೆಗೆ ಹೋಗುವುದು. ಎಲ್‌ಎಸ್ ಎಂದರೆ ಕಪಾಟಿನ ಬಾಗಿಲು ತೆಗೆದು ಒಳಗೇನೇನಿದೆ ಎಂದು ನೋಡುವುದು. ಮನೆಯ ಕಪಾಟು ಎದುರಿಗಿದ್ದರೂ "ನನ್ನ ಟವೆಲ್ ಎಲ್ಲಿ?" ಎಂದು ಕೂಗುವ ಮನುಷ್ಯನಿಗೆ ಇದನ್ನು ಅರ್ಥ ಮಾಡಿಸಲು ಒಂದು ವಾರ ಹಿಡಿಯಿತು.

ಆಮೇಲೆ ಒಂದು ಫೈಲಿನ ಪ್ರತಿ ಮಾಡಲು ಹೇಳಿದಳು. ಅವರು ಕುಟ್ಟಿದರು. ತೆರೆ ಸುಮ್ಮನಿತ್ತು.

"ಆಗ್ಲಿಲ್ಲ."

"ಆಯ್ತು."

"ಎಲ್ಲಿ ಆಯ್ತು? ಎಂತದೂ ಹೇಳ್ಲೇ ಇಲ್ವಲ್ಲ!"

"ಕೆಲಸ ಸರಿಯಾದ್ರೆ ಅದು ಮಾತಾಡುದಿಲ್ಲ ಮಾರಾಯ್ರೆ. ತಪ್ಪಾದ್ರೆ ಮಾತ್ರ ಬಾಯಿ ಬಿಡ್ತದೆ. ಸುಮ್ಮನುಂಟು ಅಂದ್ರೆ ಎಲ್ಲ ಸರಿಯುಂಟು ಅಂತ ತಿಳ್ಕೊಳ್ಳಿ."

ತಾನೇ ಎದ್ದು ಹೋಗಿ ಒಂದು ಲೋಟ ನೀರು ಕುಡಿದರೂ ಶಭಾಸ್‌ಗಿರಿ ನಿರೀಕ್ಷಿಸುವ ಅಣ್ಣಪ್ಪನವರಿಗೆ ಇದು ಭಾರಿ ಅನ್ಯಾಯವೆನಿಸಿತು. ಮನೋರಮೆಗೆ ತನ್ನ ಅಡುಗೆಮನೆ ನೆನಪಾಯಿತು. ಅವಳು ಬಡಿಸಿದ್ದನ್ನು ಅವರು ಈವರೆಗೆ ಸದ್ದಿಲ್ಲದೆ ಉಂಡೆದ್ದು ಹೋದವರು. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಅವರ ಬಾಯಿಂದ ಮಾತು ಬಂದದ್ದುಂಟು. ಆದರೂ ಅದನ್ನು ಆಡಿ ತೋರಿಸದೆ, "ಸುಮ್ಮನಿದ್ರೆ ಸರಿಯುಂಟು ಅಂತ ಅರ್ಥ" ಎಂದು ಅವರಿಂದ ಹಲವು ಸಲ ಹೇಳಿಸಿದಳು. ಬೇರೆಲ್ಲ ಮರೆತರೂ ಆ ಪಾಠ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಅಳಿಸುವ ಆಜ್ಞೆಯ ಹೆಸರು ಆರ್‌ಎಂ. (ಬ್ಯಾಂಕಿನಲ್ಲಿ ರೀಜನಲ್ ಮ್ಯಾನೇಜರನ್ನೂ ಆರ್‌ಎಂ ಎಂದೇ ಕರೆಯುತ್ತಾರೆ, ಅವರೂ ಕೇಳದೆ ಗೀಳದೆ ಜನರನ್ನು ಇದ್ದಲ್ಲಿಂದ ಎತ್ತಿಬಿಡುತ್ತಾರೆ.) ಒಂದು ಭಾನುವಾರ ಅಣ್ಣಪ್ಪನವರು ಯಾವ ಕೋಣೆಯಲ್ಲಿದ್ದೇನೆಂದು ಕೇಳದೆಯೇ, ಎಲ್ಲವನ್ನೂ ಅಳಿಸು ಎಂದು ಕುಟ್ಟಿದರು. ತೆರೆ ಸುಮ್ಮನಿತ್ತು.

"ಎಲ್ಲ ಸರಿಯುಂಟು!" ಎಂದು ಅವರು ಜಯಭೇರಿ ಹೊಡೆಯುವುದಕ್ಕೂ ಸಾಕ್ಷಿ ಕಿರುಚುವುದಕ್ಕೂ ಸರಿಹೋಯಿತು. "ಅಮ್ಮಾ! ಪಪ್ಪ ನನ್ನ ಫೋಲ್ಡರಲ್ಲಿ ಕೂತಿದ್ರು! ಪೂರಾ ಪ್ರಾಜೆಕ್ಟ್ ಗಾನ್! ಕಿಚ್ಛು ನೇಯ್, ಏನೂ ಉಳ್ದಿಲ್ಲ!"

"ಕೇಳದೆ ಅಳಿಸ್ತದಾ ಅದು? ಎಂತ ಮರ್ಯಾದೆ ಇಲ್ಲದ ಮೆಷಿನು!" ಎಂದರು ಅಣ್ಣಪ್ಪನವರು.

"ಹೇಳಿದ್ದನ್ನು ಮಾಡ್ತದೆ. ಈ ಮನೆಯಲ್ಲಿ ಅದಕ್ಕೊಂದಕ್ಕೇ ಆ ಗುಣ ಇರುದು" ಎಂದಳು ಮನೋರಮೆ.

ಮಗಳ ಪ್ರಾಜೆಕ್ಟನ್ನು ಮೊದಲಿಂದ ಕುಟ್ಟಿಕೊಟ್ಟವಳೂ ಅವಳೇ. ಅಂದಿನಿಂದ ಯಾವ ಆಜ್ಞೆಗೂ ಮುಂಚೆ "ನಾನೆಲ್ಲಿದ್ದೇನೆ?" ಎಂದು ಗಟ್ಟಿಯಾಗಿ ಹೇಳಬೇಕೆಂಬ ಕಟ್ಟಳೆ ಮಾಡಿದಳು. ಅವರು ಬಸ್ಸಿನಲ್ಲೂ ಕಣ್ಣು ಮುಚ್ಚಿ ಅದನ್ನೇ ಗೊಣಗುತ್ತಿದ್ದರು. ಯಾವುದೋ ದೇವಿಯ ಉಪಾಸಕರಿರಬೇಕೆಂದು ಒಬ್ಬರು ಬಂಗಾಳಿ ಗೃಹಸ್ಥರು ಎದ್ದು ಸೀಟು ಬಿಟ್ಟುಕೊಟ್ಟರಂತೆ.

ಪರೀಕ್ಷೆಯಾಯಿತು. ಅಣ್ಣಪ್ಪನವರು ಇಡೀ ವಲಯಕ್ಕೆ ಮೊದಲಿಗರು! ಅವರ ಜೊತೆಯ ಕಾರ್ಕಳದ ಪಡಿಯಾರರು, ಪಾಪ, ಕೀಬೋರ್ಡು ಹಾಳಾಗಿದೆ ಎಂದು ದೂರಿ ಪಾಸ್‌ವರ್ಡಿನಲ್ಲೇ ಕೂತುಬಿಟ್ಟರಂತೆ. ಅಣ್ಣಪ್ಪನವರು ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು ಮನೆಗೆ ಬಂದರು. ಮನೋರಮೆ ಆ ಸಂಜೆಯೇ ವಸುಂಧರೆಗೆ ಫೋನು ಮಾಡಿ "ಜೂನಿಗೆ ಬಂದೆ ಅಂತಲೇ ತಿಳ್ಕೋ" ಎಂದಳು. ಹೌರಾದಿಂದ ರೈಲಿನಲ್ಲಿ ತುಳಸಿ ಕುಂಡ ಒಯ್ಯಲಾಗದೆಂದು ಎಲ್ಲರ ಚಿಕ್ಕಮ್ಮನಾದ ಕೆಳಗಿನ ಮನೆಯ ಬಂಗಾಳಿ ಮಾಶಿಮಾಗೆ ಕೊಟ್ಟಳು. ಆಕೆ ಶಂಖ ಊದಿ ತುಳಸಿಯನ್ನು ಬರಮಾಡಿಕೊಂಡರು. ಎಲ್ಲಿಯೋ ತಳದಲ್ಲಿದ್ದ ಹಳೆಯ ಗಣಿತದ ಪುಸ್ತಕ ತೆಗೆದು ಧೂಳು ಒರೆಸುವಾಗ ಅವಳಿಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಸ್ವಲ್ಪ ದಿನಗಳ ನಂತರ ಅಣ್ಣಪ್ಪನವರು ಇನ್ನೂ ದೊಡ್ಡ ಡಬ್ಬಿ ಹಿಡಿದು ಬಂದರು. ಮನೋರಮೆ ಸಾರಿಗೆ ಒಗ್ಗರಣೆ ಹಾಕಿ, ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಆರ್ಡರ್ ಬಂತಾ?"

"ಬಂತು ಮಾರಾಯ್ತಿ! ಇಡೀ ವಲಯದ ಕಂಪ್ಯೂಟರಿಗೆ ನಾನೇ ಇನ್‌ಚಾರ್ಜ್! ಆರ್‌ಎಂ ಮುಖರ್ಜಿ ಸಾಹೇಬರು ಎಲ್ಲರೆದುರು ಹೇಳಿದ್ರು, ಅಣ್ಣಪ್ಪ ಬಾಬುವನ್ನು ಬಿಟ್ಟುಕೊಡುವ ಮಾತೇ ಇಲ್ಲ ಅಂತ."

"ಬಿಟ್ಟುಕೊಡುದಿಲ್ಲ ಅಂದ್ರೆ?"

"ಊರಿಗೆ ವರ್ಗ ಇಲ್ಲ. ಬ್ಯಾಂಕಿನ ಹಿತದೃಷ್ಟಿಯಿಂದ. ಎಲ್ಲ ಶಾಖೆಗೂ ಯುನಿಕ್ಸ್ ಬರುವವರೆಗೆ ನಾನು ಇಲ್ಲೇ ಇರ್ಬೇಕಂತೆ. ಎಂತ ಮಹಾ, ಎರಡು ವರ್ಷ."

"ಮತ್ತೆ ಕುಂದಾಪುರಕ್ಕೆ?"

"ಪಡಿಯಾರ್ ಹೋಗ್ತಾನೆ. ಇಲ್ಲಿ ಯಾವ ಉಪಯೋಗಕ್ಕೂ ಇಲ್ಲ ಅಂತ ಅವನನ್ನು ಕಳಿಸ್ತಾ ಇದ್ದಾರೆ." ಅವರು ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚಿದರು. "ನಾನು ಹೇಳಿರ್ಲಿಲ್ವಾ, ಬಡಿಸ್ಲಿಕ್ಕೆ ಬರುವವನಿಗೆ ಕೊನೇ ಪಂಕ್ತಿ ಅಂತ? ಹಾಂ, ಇನ್ನು ಮಧ್ಯಾಹ್ನ ಎಲ್ಲಿಗೂ ಹೋಗ್ಬೇಡ, ಫೋನಿನ ಹತ್ರವೇ ಇರು. ಶಾಖೆಯಲ್ಲಿ ಎಲ್ಲಾದ್ರೂ ಸಿಕ್ಕಿಬಿದ್ರೆ ನಿನ್ನನ್ನೇ ಕೇಳ್ಬೇಕಲ್ಲ."

ಮನೋರಮೆಗೆ ತಂಗಿಯ ಮುಖ ಕಂಡಿತು. ಬೆಂಚಿನ ಮೇಲೆ ಕಾದು ಕೂತ ಮಕ್ಕಳು ಕಂಡರು. ಕೆಳಗಿನ ಮನೆಯಲ್ಲಿ ಮಾಶಿಮಾ ತುಳಸಿಗೆ ಶಂಖ ಊದುವುದು ಕೇಳಿಸಿತು. ಎಷ್ಟು ಬಯಸಿದ್ದಳು ಒಬ್ಬ ವಿದ್ಯಾರ್ಥಿಗಾಗಿ! ಸಿಕ್ಕಿದ್ದ, ಈ ಜನ್ಮದಲ್ಲಿ ಪಾಸಾಗಿ ಹೊರಗೆ ಹೋಗದವನು. ಸೋಮಾರಿಯೆಂದು ತಾನು ಹಂಗಿಸಿದ ಮನುಷ್ಯ ಹೇಳಿದ್ದೇ ನಿಜವಾಗಿತ್ತು, ಅದಂತೂ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅವಳು ಒಂದು ಶಬ್ದವನ್ನೂ ಆಡದೆ ನಿಂತಳು.

ಅಣ್ಣಪ್ಪನವರು ತುಸು ಅಳುಕಿನಿಂದಲೇ ಅವಳ ಮುಖ ನೋಡಿದರು. ಕಾದರು. ಏನೂ ಬರಲಿಲ್ಲ. ಆಗ ಅವರಿಗೆ ಕಲಿತ ಪಾಠ ನೆನಪಾಗಿ ಮುಖ ಅರಳಿತು.

"ಸುಮ್ಮನಿದ್ದೀ ಅಂದ್ರೆ ಎಲ್ಲ ಸರಿಯುಂಟು" ಎಂದು ಡಬ್ಬಿ ತೆರೆದು, ಒಂದು ಸಂದೇಶ್ ಬಾಯಿಗೆ ಹಾಕಿಕೊಂಡರು.