ಟಕ್ ಅನ್ನೋ ಪೆಟ್ಟಿಗೆ

ಜನರ ಜೀವ ಉಳಿಸೋ ಸಾಮಾನು ಮಾಡೋರಿಗೆ ಬೈಗುಳ ತಪ್ಪಿದ್ದಲ್ಲ. ಚನ್ನಗಿರಿಯ ಒಂದು ಶೆಡ್ಡಿನಲ್ಲಿ ಕೂತು ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗಳ ನಕ್ಷೆ ಬರೆಯುವವಳು ನಾನು. ಹದಿನಾಲ್ಕು ವರ್ಷದಲ್ಲಿ ಒಂದು ವಾರವೂ ಯಾರೂ ಬೈಯದೆ ಕಳೆದದ್ದು ನೆನಪಿಲ್ಲ. ಬೈಸಿಕೊಂಡು ಮನೆಗೆ ಹೋಗಿ, ಊಟಕ್ಕೆ ಕೂತಾಗ ಒಬ್ಬಳೇ ನಗುತ್ತೇನೆ. ಮನೆಯವರಿಗೂ ಈಗ ಅಭ್ಯಾಸವಾಗಿದೆ.

ಈಚಿನ ಬೈಗುಳಕ್ಕೆಲ್ಲ ಕಾರಣ ನಾನು ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಮಾಡಿದ ಒಂದು ಹೊಸ ಪೆಟ್ಟಿಗೆ. ಮೋಟರಿನಿಂದಲೋ ವೈರಿನಿಂದಲೋ ಕರೆಂಟು ಸೋರಿ ಪೈಪಿಗೆ, ಕಂಬಕ್ಕೆ, ಮನುಷ್ಯನ ಮೈಗೆ ಹರಿಯಲು ಶುರುವಾದರೆ, ರೆಪ್ಪೆ ಬಡಿಯುವುದರೊಳಗೆ ಅದು ಟಕ್ ಅಂತ ತಾನೇ ಬಂದ್ ಆಗುತ್ತದೆ. ಆದರೆ ಸುರಕ್ಷತೆಯ ಮುದ್ರೆ ಬೀಳದೆ ಅದನ್ನು ಅಂಗಡಿಗೆ ಹಾಕುವಂತಿಲ್ಲ. ಪರೀಕ್ಷಾಲಯದವರು ಎರಡು ಸಲ ವಾಪಸ್ ಕಳಿಸಿದ್ದರು. ಶೆಡ್ಡಿನ ಸಾವ್ಕಾರರು ಒಳ್ಳೆಯವರೇ, ಆದರೆ ಅವರ ತಾಳ್ಮೆಗೂ ಒಂದು ಮಿತಿ ಇದೆಯಲ್ಲ. ಮೂರನೇ ಸಲವೂ ಆಗದಿದ್ದರೆ ಹೊಸ ಪೆಟ್ಟಿಗೆಯ ಸಹವಾಸ ಬಿಟ್ಟು ಬರೀ ಸುಟ್ಟ ಮೋಟರಿಗೆ ತಂತಿ ಸುತ್ತಿಕೊಂಡಿರೋಣ ಅಂದುಬಿಟ್ಟರು. ಮೋಟರು ಸುತ್ತಲು ನಕ್ಷೆ ಬೇಕಿಲ್ಲ. ಅಂದರೆ ನಾನೂ ಬೇಕಿಲ್ಲ.

ಆ ನಡುವೆ, ಹೊಲದಲ್ಲಿ ಹೆಂಗೆ ನಡೆಯುತ್ತದೆ ನೋಡೋಣ ಅಂತ ಪರಿಚಯದ ಕೆಲವು ರೈತರಿಗೆ ಒಂದೊಂದು ಪೆಟ್ಟಿಗೆ ಕೊಟ್ಟಿದ್ದೆವು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಕಡ್ಡಿಗೂ ಬಗ್ಗದ ಗುಂಡಿ

ಮೊದಲು ಬಂದವರು ಉಬ್ರಾಣಿ ಕಡೆಯ ಒಬ್ಬ ರೈತರು. ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಚೀಲವನ್ನು ನನ್ನ ಮೇಜಿನ ಮೇಲೆ ಧೊಪ್ಪನೆ ಇಟ್ಟು, ಇದಕ್ಕೆ ದೆವ್ವ ಹೊಕ್ಕಿದೆ, ಮೋಟರು ಹಾಕಿದ ಕೂಡಲೇ ಟಕ್ ಅನ್ನುತ್ತದೆ ಅಂದರು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಒಂದು ವಿದ್ಯೆ ಇದೆ. ಸ್ಟಾರ್ಟರು ಪದೇ ಪದೇ ಬಂದ್ ಆಗುತ್ತಿದ್ದರೆ, ಹಸಿರು ಗುಂಡಿ ಒತ್ತಿ ಹಿಡಿದು ಸಂದಿಗೆ ಒಂದು ಬೆಂಕಿಕಡ್ಡಿ ತುರುಕುವುದು. ಆಮೇಲೆ ಒಳಗೆ ಏನೇ ಸುಡಲಿ, ನೀರಂತೂ ಬರುತ್ತದೆ. ಇದು ಗೊತ್ತಿದ್ದೇ ನಾನು, ಕಡ್ಡಿ ತುರುಕಿದರೂ ಒಳಗಿನಿಂದ ಬಂದ್ ಆಗುವ ಹಾಗೆ ಮಾಡಿದ್ದೆ. ರೈತರು ಒಂದಿಡೀ ಬೆಂಕಿಪೊಟ್ಟಣ ಮುಗಿಸಿದ್ದರಂತೆ. ಆಮೇಲೆ ಬಿದಿರ ಸೀಳು ತುರುಕಿದರಂತೆ. ಕೊನೆಗೆ ಹೆಂಡತಿಯನ್ನೇ ಗುಂಡಿ ಒತ್ತಿಕೊಂಡು ನಿಲ್ಲಲು ಹೇಳಿದರಂತೆ, ಆಕೆ ಬೈದು ಒಳಗೆ ಹೋದರಂತೆ.

ಅವರ ಜೊತೆಗೇ ಬಸ್ಸು ಹತ್ತಿ ಹೊಲಕ್ಕೆ ಹೋದೆ. ನೋಡಿದರೆ ಮೋಟರಿನ ವೈರು ಸುಲಿದು ಕಬ್ಬಿಣದ ಪೈಪಿಗೆ ತಾಗಿದೆ. ಪೈಪು ಎಮ್ಮೆ ನೀರು ಕುಡಿಯುವ ತೊಟ್ಟಿಗೆ ಹೋಗಿದೆ. ಎಮ್ಮೆ ತೊಟ್ಟಿಯಿಂದ ಆದಷ್ಟು ದೂರಕ್ಕೆ ಹಗ್ಗ ಎಳೆದುಕೊಂಡು ನಿಂತಿದೆ. ಯಾಕೆ ಹಂಗೆ ಅಂತ ಕೇಳಿದೆ. ಒಂದು ವರ್ಷದಿಂದ ಇದೇ ಕಥೆ, ಹಳೇ ಪೆಟ್ಟಿಗೆ ಇದ್ದಾಗ ಮೋಟರು ಹಾಕಿದರೆ ಸಾಕು, ತೊಟ್ಟಿಗೆ ಬಾಯಿ ಇಟ್ಟು ಹಾರಿಬೀಳುತ್ತಿತ್ತು, ದೃಷ್ಟಿ ತೆಗೆಸಿ ಕಾಲಿಗೆ ಕಪ್ಪು ದಾರ ಕಟ್ಟಿದ್ದಾಯಿತು, ಬರುವ ಸಂತೆಗೆ ಮಾರುವವರಿದ್ದೇವೆ ಅಂದರು ಮನೆಯಾಕೆ.

ಪೈಪಿನಲ್ಲಿ ಕರೆಂಟು ಹರಿಯುತ್ತಿತ್ತು, ಅದನ್ನೇ ಹೊಸ ಪೆಟ್ಟಿಗೆ ಹಿಡಿದು ನಿಲ್ಲಿಸುತ್ತಿದೆ ಅಂತ ನಾನು ಬಿಡಿಸಿ ಹೇಳಿದೆ. ರೈತರು ಪೆಟ್ಟಿಗೆ ನೋಡಿದರು, ಎಮ್ಮೆ ನೋಡಿದರು. ಮನೆಯಾಕೆ ಗಂಡನ ಕಡೆ ತಿರುಗಿ, "ಎಮ್ಮಿಗೆ ಗೊತ್ತಾಗಿದ್ದು ನಿಮಗೆ ಗೊತ್ತಾಗಲಿಲ್ಲ ನೋಡ್ರಿ" ಅಂದರು.

ವೈರು ಸರಿ ಮಾಡಿಸಿ ಹೊರಡುವ ಹೊತ್ತಿಗೆ ರೈತರು ಎಮ್ಮೆಯ ಕಾಲಿನ ಕಪ್ಪು ದಾರ ಬಿಚ್ಚಿ ನನ್ನ ಪೆಟ್ಟಿಗೆಗೆ ಕಟ್ಟುತ್ತಿದ್ದರು. ಇಷ್ಟು ಒಳ್ಳೇ ಪೆಟ್ಟಿಗೆಗೆ ದೃಷ್ಟಿ ಆಗಬಾರದಂತೆ.

ಕೈ ಒಣಗೈತೆ

ಪೆಟ್ಟಿಗೆಯ ಜೊತೆ ಒಂದು ಸೂಚನೆಯ ಹಾಳೆ ಕೊಡಬೇಕು ಅನ್ನುವುದು ನಿಯಮ. ಅದರಲ್ಲಿ ದಪ್ಪ ಅಕ್ಷರದಲ್ಲಿ "ಒದ್ದೆ ಕೈಯಿಂದ ಮುಟ್ಟಬಾರದು" ಅಂತ ಬರೆದಿದ್ದೆ. ನ್ಯಾಮತಿ ತಾಲ್ಲೂಕಿನ ಸವಳಂಗದ ಹತ್ತಿರ ಒಬ್ಬರ ತೋಟಕ್ಕೆ ಹೋದಾಗ, ಅವರು ಮೊಣಕಾಲುದ್ದ ನೀರಿನ ಕಾಲುವೆಯಲ್ಲಿ ನಿಂತು, ಹೆಗಲ ಟವೆಲ್ಲಿಗೆ ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಒಂದೊಂದೇ ಬೆರಳು ನೋಡಿಕೊಂಡು, ಗುಂಡಿ ಒತ್ತುತ್ತಿದ್ದರು. ನಾನು ಕೂಗಿಕೊಂಡೆ. ಅವರು ಕೈ ಎತ್ತಿ ತೋರಿಸಿದರು. "ಹಾಳೆ ಓದೀನ್ರೀ ಅಕ್ಕಾರೆ. ಕೈ ಒಣಗೈತೆ ನೋಡ್ರಿ."

ವಾಪಸ್ ಬಂದು "ಒದ್ದೆ ಕೈ, ಒದ್ದೆ ಕಾಲು" ಅಂತ ತಿದ್ದಿದೆ. ತಪ್ಪು ನನ್ನದೇ. ಓದುವವರೇ ಇಲ್ಲ ಅಂದುಕೊಂಡು ಬರೆದಿದ್ದೆ, ಅವರು ಅಕ್ಷರ ಅಕ್ಷರ ಪಾಲಿಸಿದ್ದರು.

ಗುಂಡಿಯ ಮೇಲಿನ ಹೀರೆಬಳ್ಳಿ

ಅರ್ಥಿಂಗ್ ಗುಂಡಿ ಅಂದರೆ, ಸೋರಿದ ಕರೆಂಟು ಮಣ್ಣಿಗೆ ಇಳಿಯಲಿ ಅಂತ ಕಂಬಿ ಹೂತ ಗುಂಡಿ. ಅದರ ಮಣ್ಣು ಒಣಗಿದರೆ ಕೆಲಸ ಕೆಟ್ಟ ಹಾಗೆ. ಅದಕ್ಕೇ ದಿನಾ ಒಂದು ಬಿಂದಿಗೆ ನೀರು ಹಾಕಿ ಅಂತ ನಾನು ಎಲ್ಲರಿಗೂ ಹೇಳುತ್ತಿದ್ದೆ. ಹೂಂ ಅನ್ನುತ್ತಿದ್ದರು. ಯಾರೂ ಹಾಕುತ್ತಿರಲಿಲ್ಲ.

ಜಗಳೂರಿನ ಕಡೆಯ ಒಂದು ಮನೆಯಲ್ಲಿ ಇದನ್ನು ಹೇಳಿದಾಗ ಅಲ್ಲಿನ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕುಡಿಯುವ ನೀರಿಗೇ ಲೆಕ್ಕ ಇಡುವ ಊರಿನಲ್ಲಿ ಮಣ್ಣಿಗೆ ನೀರು ಕುಡಿಸು ಅಂತ ಬಂದಿದ್ದಾಳಲ್ಲ ಇವಳು, ಅನ್ನುವ ಹಾಗಿತ್ತು ನೋಟ. ಮೂರು ತಿಂಗಳು ಬಿಟ್ಟು ಹೋದರೆ ಅರ್ಥಿಂಗ್ ಗುಂಡಿಯೇ ಕಾಣಲಿಲ್ಲ. ಅದರ ಮೇಲೆ ಹೀರೆಬಳ್ಳಿ ಹಬ್ಬಿ, ಚಪ್ಪರ ಏರಿ, ತೋಳುದ್ದದ ಕಾಯಿ ಜೋತಾಡುತ್ತಿದ್ದವು. "ಹೆಂಗೂ ನೀರು ಹಾಕಬೇಕಲ್ಲ ಮಗಳೇ, ಸುಮ್ನೆ ಯಾಕೆ ಹಾಕಬೇಕು?" ಅಂದರು ಅಜ್ಜಿ.

ಮೀಟರು ಹಿಡಿದು ನೋಡಿದೆ. ನಾನು ಕಂಡ ಅರ್ಥಿಂಗುಗಳಲ್ಲೇ ಅಷ್ಟು ಚೆನ್ನಾಗಿದ್ದದ್ದು ಇನ್ನೊಂದಿಲ್ಲ. ಸೂಚನೆಯ ಹಾಳೆಯನ್ನು ಮತ್ತೆ ತಿದ್ದಿ, ಗುಂಡಿಯ ಪಕ್ಕದಲ್ಲಿ ಒಂದು ಬಳ್ಳಿ ಹಾಕಿರಿ ಅಂತ ಸೇರಿಸಿದೆ. ಈಗ ಎಲ್ಲರೂ ನೀರು ಹಾಕುತ್ತಾರೆ. ಹೊನ್ನಾಳಿಯಿಂದ ಒಬ್ಬರು ಫೋನು ಮಾಡಿ, ಪೆಟ್ಟಿಗೆ ಬೇಡ, ಆ ಹೀರೆ ಬೀಜ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಕಬ್ಬಿಣದ ಬೆರಳು

ನಮ್ಮ ಶೆಡ್ಡಿನ ಮೇಸ್ತ್ರಿ ಕರೆಂಟು ಇದೆಯೋ ಇಲ್ಲವೋ ಅಂತ ನೋಡುವುದು ಟೆಸ್ಟರಿನಿಂದಲ್ಲ, ಕೈಬೆರಳ ಬೆನ್ನಿನಿಂದ. ಮೂವತ್ತು ವರ್ಷದ ರೂಢಿ. ಬಲಗೈಯ ತೋರುಬೆರಳು ಸೊಟ್ಟಗಿದೆ, ಹಿಂದೊಮ್ಮೆ ಕರೆಂಟು ಎಳೆದದ್ದು. ನಾನು ಟೆಸ್ಟರು ಕೊಟ್ಟರೆ ಅದನ್ನು ಕಿವಿ ಕೆರೆಯಲು ಬಳಸುತ್ತಾರೆ.

ಎರಡನೇ ಸಲ ಪೆಟ್ಟಿಗೆ ವಾಪಸ್ ಬಂದದ್ದು ಬೆರಳಿನಿಂದಲೇ. ಪರೀಕ್ಷಾಲಯದಲ್ಲಿ ಮನುಷ್ಯರ ಬೆರಳಿನ ಹಾಗೆ ಗೆಣ್ಣು ಮಡಚುವ ಒಂದು ಕಬ್ಬಿಣದ ಬೆರಳು ಇರುತ್ತದೆ. ಅದನ್ನು ಪೆಟ್ಟಿಗೆಯ ಸಂದಿಗೊಂದಿಗೆಲ್ಲ ತೂರಿಸಿ, ಒಳಗಿನ ಕರೆಂಟಿನ ಭಾಗಕ್ಕೆ ತಾಗುತ್ತದಾ ನೋಡುತ್ತಾರೆ. ನಮ್ಮ ಪೆಟ್ಟಿಗೆಯ ಗಾಳಿಕಿಂಡಿಯಲ್ಲಿ ತಾಗಿತು. ಇದನ್ನು ಹೇಳಿದಾಗ ಮೇಸ್ತ್ರಿ ನಂಬಲೇ ಇಲ್ಲ. ಅಷ್ಟು ಓದಿದವರು ಬೆರಳು ಹಾಕಿ ನೋಡುತ್ತಾರಾ ಅಂತ ಎರಡು ಸಲ ಕೇಳಿದರು. ಆಮೇಲೆ ಬಹಳ ಹೆಮ್ಮೆಯಿಂದ ಅಂದರು: "ನೋಡು ತಂಗಿ, ಇಷ್ಟು ದಿನ ನನ್ನನ್ನ ಬೈತಿದ್ಯಲ್ಲ. ಅವರೂ ನನ್ನಂಗೇ ಮಾಡದು."

ಅಮಾವಾಸ್ಯೆಯ ಪರೀಕ್ಷೆ

ಕಿಂಡಿ ಸರಿ ಮಾಡಿದ ಮೇಲೆ ಮೂರನೇ ಸಲದ ತಪಾಸಣೆಗೆ ಪರೀಕ್ಷಕರೇ ಶೆಡ್ಡಿಗೆ ಬರುವುದು ಅಂತಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಅಂದಿದ್ದರು. ಅವತ್ತು ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಶೆಡ್ಡಿನ ಯಂತ್ರಗಳಿಗೆಲ್ಲ ಪೂಜೆ ಆಗಬೇಕು, ತಪ್ಪಿಸುವಂತಿಲ್ಲ. ನಾನು ಒಳಕೋಣೆಯಲ್ಲಿ ಕಾಗದಪತ್ರ ಜೋಡಿಸುತ್ತಾ ಕೂತಿದ್ದೆ. ಇವತ್ತು ಆಗದಿದ್ದರೆ ಮನೆಗೆ ಅನ್ನುವುದು ಒಂದೇ ತಲೆಯಲ್ಲಿ.

ಪಾಪ, ಮೇಸ್ತ್ರಿಗೂ ಅದೇ ಚಿಂತೆ. ಅದಕ್ಕೇ ಅವರು ಪರೀಕ್ಷೆಗೆ ಇಟ್ಟ ಪೆಟ್ಟಿಗೆಗೆ ವಿಶೇಷ ಪೂಜೆ ಮಾಡಿದರು. ಮೂರು ಗೆರೆ ಒದ್ದೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಲು ಜಾಗ ಸಿಗಲಿಲ್ಲವಂತೆ. ಡ್ರಿಲ್ಲು ತಗೊಂಡು ಪೆಟ್ಟಿಗೆಯ ನೆತ್ತಿಗೆ ಒಂದು ತೂತು ಕೊರೆದು, ದಾರ ಪೋಣಿಸಿ ಕಟ್ಟಿದರು. ಪೆಟ್ಟಿಗೆ ಚಾಲೂ ಇರುವಾಗಲೇ ಪೂಜೆ ಆದರೆ ಫಲ ಹೆಚ್ಚು ಅಂತ ಮೋಟರೂ ಹಾಕಿದರು. ತೆಂಗಿನಕಾಯಿ ಒಡೆದು, ಎಡಗೈ ಪೆಟ್ಟಿಗೆಯ ಮೇಲಿಟ್ಟುಕೊಂಡು, ಬಲಗೈಯ ಹೋಳಿನಿಂದ ಕಾಯಿನೀರನ್ನು ಅದರ ನೆತ್ತಿಗೇ ಸುರಿದರು.

ಟಕ್ ಅಂತು.

ಎದ್ದು ಓಡಿ ಬಂದೆ. ಮೇಸ್ತ್ರಿ ಕಾಯಿಯ ಹೋಳು ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದರು. ಮೋಟರು ನಿಂತಿತ್ತು. ತೂತಿನೊಳಗೆ ಇಳಿದ ನೀರು ಪೆಟ್ಟಿಗೆಯ ಕೆಳಗಿನಿಂದ ತೊಟ್ಟಿಕ್ಕುತ್ತಿತ್ತು. ಅವರು ತಮ್ಮ ಸೊಟ್ಟ ಬೆರಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಳೇ ಪೆಟ್ಟಿಗೆ ಆಗಿದ್ರೆ ಇಷ್ಟೊತ್ತಿಗೆ ಈ ಹಾರ ನನ್ನ ಫೋಟೋಕ್ಕೆ ಹಾಕ್ತಿದ್ದಿರಿ ತಂಗಿ."

ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತಾ ಬೈಯುತ್ತಾ ಅಳು ಬಂತು. ಆ ಮನುಷ್ಯ ಬದುಕಿ ನಿಂತಿದ್ದರಲ್ಲ, ಅದಕ್ಕೆ. ಕಣ್ಣು ಒರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ಪರೀಕ್ಷಕರು ನಿಂತಿದ್ದಾರೆ. ಬೇಗ ಬಂದುಬಿಟ್ಟಿದ್ದರು. ಎಲ್ಲವನ್ನೂ ನೋಡಿದ್ದರು.

ಅವರು ನಿಧಾನವಾಗಿ ಚೀಲ ಕೆಳಗಿಟ್ಟರು. ನೀರಿನ ಪರೀಕ್ಷೆ ಪುಸ್ತಕದಲ್ಲಿದೆ, ಕಾಯಿನೀರಿನದು ಇಲ್ಲ ಅಂದರು. ಆಮೇಲೆ ನೆತ್ತಿಯ ತೂತು ತೋರಿಸಿ, ಇದು ನಿಮ್ಮ ನಕ್ಷೆಯಲ್ಲಿಲ್ಲವಲ್ಲ, ಯಾಕಿದೆ ಅಂತ ಕೇಳಿದರು. ಮೇಸ್ತ್ರಿ ಕೈಮುಗಿದು, ನಿಂಬೆಹಣ್ಣು ಕಟ್ಟಾಕೆ ಸಾಹೇಬ್ರೆ, ತಪ್ಪು ನಂದು, ತಂಗಿದಲ್ಲ ಅಂದರು.

ತೂತಿರುವ ಪೆಟ್ಟಿಗೆ ಪಾಸು ಮಾಡಲು ಬರುವುದಿಲ್ಲ ಅಂದರು ಪರೀಕ್ಷಕರು. ಆದರೆ ಅವರು ಹೋಗಲಿಲ್ಲ. ನಿಂಬೆಹಣ್ಣನ್ನೇ ನೋಡುತ್ತಾ ನಿಂತು ಕೇಳಿದರು: "ರೈತರೂ ಹೀಗೆ ಕಟ್ತಾರೇನಮ್ಮ?"

"ಕಟ್ಟೇ ಕಟ್ತಾರೆ ಸರ್. ಒಬ್ಬರು ಎಮ್ಮೆ ಕಾಲಿನ ದಾರಾನೇ ಕಟ್ಟಿದ್ದಾರೆ."

"ಹಾಗಾದರೆ ಅವರು ತೂತು ಕೊರೆಯೋಕೆ ಮುಂಚೆ ನೀವೇ ಹೊರಗಡೆ ಒಂದು ಕೊಕ್ಕೆ ಕೊಡಿ. ನಕ್ಷೆ ತಿದ್ದಿ ಹೊಸ ಪೆಟ್ಟಿಗೆ ಕಳಿಸಿ, ನೋಡೋಣ."

ಹೊರಗೆ ಕೊಕ್ಕೆ ಬೆಸೆದೆವು. ಮೊದಲು ನಕ್ಷೆ ಕಳಿಸಿದೆವು, ಅದರಲ್ಲಿ ಕೊಕ್ಕೆ ಹದಿನೇಳನೇ ಭಾಗ. ವಾರದಲ್ಲಿ ಪರೀಕ್ಷಾಲಯದಿಂದ ಕಾಗದ ಬಂತು: ಭಾಗ ಹದಿನೇಳರ ಉದ್ದೇಶ ತಿಳಿಸತಕ್ಕದ್ದು. ಸಾವ್ಕಾರರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಸುಳ್ಳು ಬರೆಯಲಿಲ್ಲ. ನಿಂಬೆಹಣ್ಣು ಮತ್ತು ಮೆಣಸಿನಕಾಯಿ ತೂಗುಹಾಕಲು ಅಂತ ಬರೆದೆ. ಮತ್ತೊಂದು ಕಾಗದ ಬಂತು: ತೂಗುಹಾಕುವ ವಸ್ತುವಿನ ಗರಿಷ್ಠ ತೂಕ ತಿಳಿಸತಕ್ಕದ್ದು. ನಿಂಬೆಯ ತೂಕ ಬರೆಯಲು ಹೊರಟಿದ್ದೆ, ಮೇಸ್ತ್ರಿ ತಡೆದರು. ಕೆಲವರು ಬೂದುಗುಂಬಳ ಕಟ್ಟುತ್ತಾರೆ, ಆಮೇಲೆ ಕೊಕ್ಕೆ ಕಿತ್ತು ಬಂದರೆ ಹೆಸರು ಕೆಡುವುದು ನಮ್ಮದು ಅಂದರು. ಐದು ಕಿಲೋ ಅಂತ ಬರೆದೆ. ಪಟ್ಟಣದಲ್ಲಿ ಅವರು ಎಲ್ಲಿ ಹುಡುಕುತ್ತಾರೆ ಅಂತ ಮೇಸ್ತ್ರಿ ತಮ್ಮ ಹಿತ್ತಲಿನದೇ ಒಂದು ಬೂದುಗುಂಬಳಕಾಯಿಯನ್ನು ಪೆಟ್ಟಿಗೆಯ ಜೊತೆ ಕಟ್ಟಿ ಕಳಿಸಿದರು.

ಒಂದು ತಿಂಗಳಾದ ಮೇಲೆ ವರದಿ ಬಂತು. ಓದಲು ಧೈರ್ಯ ಸಾಲದೆ ಸಾವ್ಕಾರರ ಕೈಗೇ ಕೊಟ್ಟೆ. ಅವರು ಕನ್ನಡಕ ಏರಿಸಿ ಜೋರಾಗಿ ಓದಿದರು. ನೀರಿನ ಪರೀಕ್ಷೆ, ತೇರ್ಗಡೆ. ಬೆರಳಿನ ಪರೀಕ್ಷೆ, ತೇರ್ಗಡೆ. "ಭಾಗ ಹದಿನೇಳು, ಕೊಕ್ಕೆ. ಬೂದುಗುಂಬಳಕಾಯಿಯನ್ನು ಇಪ್ಪತ್ತನಾಲ್ಕು ಗಂಟೆ ತೂಗುಹಾಕಿ ಪರೀಕ್ಷಿಸಲಾಯಿತು. ಕೊಕ್ಕೆ ಬಾಗಿರುವುದಿಲ್ಲ. ತೇರ್ಗಡೆ." ಕೊನೆಯ ಹಾಳೆಯಲ್ಲಿ ಮುದ್ರೆ ಬಿದ್ದಿತ್ತು. ನನ್ನ ಕೆಲಸ ಉಳಿದಿತ್ತು. ನಾನು ಮತ್ತೆ ಅತ್ತೆ, ಸಾವ್ಕಾರರೂ ಮೂಗು ಒರೆಸಿಕೊಂಡರು.

ಮುದ್ರೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಪರೀಕ್ಷೆಗೆ ಸಲ್ಲಿಸಿದ ಕುಂಬಳಕಾಯಿಯನ್ನು ಹಿಂದಿರುಗಿಸಲಾಗುವುದಿಲ್ಲ.

ಮೇಸ್ತ್ರಿ "ಮಜ್ಜಿಗೆಹುಳಿ ಮಾಡ್ಕೊಂಡಿರ್ತಾರೆ ಬಿಡವ್ವ" ಅಂದರು. "ಆ ಸಾಹೇಬ್ರು ಅವತ್ತು ಪ್ರಸಾದಾನೂ ತಗೊಳ್ದೆ ಹೋಗಿದ್ರು."